ಕನ್ಯೂಟ್ ರಾಜ ನಿಜಕ್ಕೂ ಸೊಕ್ಕಿನವನಾ?

ಸಮುದ್ರಕ್ಕೆ ‘ಹಿಂದೆ ಸರಿ’ ಎಂದು ಹೇಳಿ ಕಾಲು ನೆನೆಸಿಕೊಂಡ ಸೊಕ್ಕಿನ ರಾಜ ಎಂದು ಇಂಗ್ಲೆಂಡಿನ ಕನ್ಯೂಟ್ ಬಗ್ಗೆ ಮೆಸೇಜ್ ಬರುತ್ತಿರುತ್ತದೆ. ಕಥೆ ಚೆನ್ನಾಗಿದೆ, ಹಂಚಿಕೊಳ್ಳುವುದು ಸಹಜ. ಆದರೆ ಅದು ಅರ್ಧ ಕಥೆ. ಮೂಲದಲ್ಲಿ ಕಾಲು ನೆನೆದ ಮೇಲೆ ಅವನೇ, ರಾಜರ ಅಧಿಕಾರ ಪೊಳ್ಳು ಎನ್ನುತ್ತಾನೆ. ಮುಂದೆ ಕಿರೀಟವನ್ನೇ ತೊಡುವುದಿಲ್ಲ.

ಅದೂ ನಡೆದದ್ದಕ್ಕೆ ಗಟ್ಟಿ ಆಧಾರವಿಲ್ಲ. ಅವನು ತೀರಿಕೊಂಡದ್ದು 1035ರಲ್ಲಿ; ಕಥೆ ಸಿಗುವುದು 12ನೇ ಶತಮಾನದ ಬರಹದಲ್ಲಿ. ನನಗೆ ಅವನ ನಿಜವಾದ ರಾಜಕೀಯವೇ ಜಾಸ್ತಿ ಇಷ್ಟ. 1016ರಲ್ಲಿ ಇಂಗ್ಲೆಂಡ್ ಗೆದ್ದ ಈ ಡೆನ್ಮಾರ್ಕಿನವನು ಹಿಂದಿನ ರಾಜನ ವಿಧವೆ ಎಮ್ಮಾಳನ್ನು ಮದುವೆಯಾದ, ಚರ್ಚಿಗೆ ದಾನ ಕೊಟ್ಟು ಬೆಂಬಲ ಗಳಿಸಿದ.

ಇಂಥ ಮೆಸೇಜ್ ಬಂದರೆ ಘಟನೆ ಯಾವಾಗಿನದು, ಮೊದಲು ಬರೆದಿಟ್ಟದ್ದು ಯಾವಾಗ ಎಂದು ಹುಡುಕಿ. ಕಥೆಯ ಕೊನೆಯನ್ನೂ ಓದಿ.