ಕೇಪ್ ಟೌನಿನ ವ್ಯಾನಿನಲ್ಲಿ ಸಿಕ್ಕಿದ ಹೊನ್ನಾವರ

ಪೆಂಗ್ವಿನ್ ಜೊತೆಗಿನ ನನ್ನ ಫೋಟೋ ಹಾಕಿದ ದಿನವೇ ಕಾಲೇಜಿನ ಗೆಳತಿಯೊಬ್ಬಳು ಕೆಳಗೆ ಬರೆದಿದ್ದಳು: “ಅಷ್ಟು ದೂರ ಹೋಗಿ ಪ್ಯಾಕೇಜ್ ಟೂರಾ? ಕಾರ್ ತಗೊಂಡು ನೀವೇ ಸುತ್ತಬೇಕಿತ್ತು ಕಣೇ.” ಅದಕ್ಕೆ ಲೈಕ್ ಒತ್ತಿದವರಲ್ಲಿ ನಮ್ಮ ಮನೆಯವರೂ ಒಬ್ಬರು. ಎರಡು ಸಾಲಿನಲ್ಲಿ ಮುಗಿಯುವ ಉತ್ತರವಲ್ಲ ಅಂತ ಆವತ್ತು ಸುಮ್ಮನಾಗಿದ್ದೆ. ಈಗ ಉದ್ದಕ್ಕೇ ಬರೆಯುತ್ತಿದ್ದೇನೆ, ಪುರುಸೊತ್ತಿದ್ದವರು ಓದಿ.

ಹೋದ ಮಾರ್ಚ್‌ನಲ್ಲಿ ಇವರ ಆಫೀಸಿನ ಕೆಲಸದ ನೆಪದಲ್ಲಿ ನಾನೂ ದಕ್ಷಿಣ ಆಫ್ರಿಕಾದ ಕೇಪ್ ಟೌನಿಗೆ ಹೋಗಿದ್ದೆ. ಶನಿವಾರ ಒಂದು ದಿನ ಪೂರ್ತಿ ಬಿಡುವು ಸಿಕ್ಕಿತು. ಇವರಿಗೆ ಬಾಡಿಗೆ ಕಾರಿನ ಆಸೆ. ಅಲ್ಲಿಯೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ರಸ್ತೆಯೂ ಚೆನ್ನಾಗಿದೆ. ನಾನು ಹಟ ಹಿಡಿದು ಹೋಟೆಲಿನ ಕೌಂಟರಿನಲ್ಲೇ ಡೇ ಟೂರ್ ಬುಕ್ ಮಾಡಿಸಿದೆ. ನಿಜವಾದ ಕಾರಣ ಹೇಳಿಬಿಡುತ್ತೇನೆ. ಗುಡ್ಡದ ಅಂಚಿನ ರಸ್ತೆಯಲ್ಲಿ ಇವರು ಸ್ಟೇರಿಂಗ್ ಹಿಡಿದರೆ ನನ್ನ ಕಣ್ಣು ಸಮುದ್ರದ ಮೇಲಿರುವುದಿಲ್ಲ, ಇವರ ಬ್ರೇಕಿನ ಮೇಲಿರುತ್ತದೆ.

ಕೇಪ್ ಪರ್ಯಾಯ ದ್ವೀಪ ಅಂದರೆ ಟೇಬಲ್ ಮೌಂಟನ್‌ನಿಂದ ದಕ್ಷಿಣಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ನೀರಿನೊಳಗೆ ಚಾಚಿಕೊಂಡಿರುವ ಬೆಟ್ಟಸಾಲು. ಪಶ್ಚಿಮಕ್ಕೆ ಬರೀ ಅಟ್ಲಾಂಟಿಕ್, ಪೂರ್ವಕ್ಕೆ ಫಾಲ್ಸ್ ಬೇ ಎಂಬ ಅಗಲ ಕೊಲ್ಲಿ. ತುದಿಯಲ್ಲಿ, ಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ‘ಗುಡ್ ಹೋಪ್ ಭೂಶಿರ’. ಹೋಗುವಾಗ ಒಂದು ದಂಡೆ, ಬರುವಾಗ ಇನ್ನೊಂದು. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಐದಕ್ಕೆ ವಾಪಸ್. ಹದಿನಾಲ್ಕು ಸೀಟಿನ ವ್ಯಾನು, ಗೈಡೂ ಅವರೇ ಡ್ರೈವರೂ ಅವರೇ. ಅರವತ್ತು ದಾಟಿದ ಮನುಷ್ಯ, ತಲೆಗೆ ಉಣ್ಣೆಯ ಟೊಪ್ಪಿ, ಕಿವಿಯ ಪಕ್ಕದಲ್ಲೊಂದು ಪುಟ್ಟ ಮೈಕು.

ಊರು ಬಿಡುವ ಮೊದಲೇ ಟೇಬಲ್ ಬೇ ಕಡೆ ಕೈ ತೋರಿಸಿ ಅವರು ಹೇಳಿದ ಮೊದಲ ಕಥೆ ಇದು. ಡಚ್ಚರು ಇಲ್ಲಿ ಬಂದು ನೆಲೆಸಿದ್ದು 1652ರಲ್ಲಿ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ನಾನು ಮಾಡುವುದಿಲ್ಲ ಅಂದರು. 1510ರ ಮಾರ್ಚ್ 1ರಂದು ಇಂಡಿಯಾದಿಂದ ಮರಳುತ್ತಿದ್ದ ಪೋರ್ಚುಗೀಸರ ಹಡಗುಗಳು ಕುಡಿಯುವ ನೀರಿಗೆಂದು ಇಲ್ಲಿ ನಿಂತವು. ಇಲ್ಲಿನ ಖೊಯ್‌ಖೊಯ್ ಜನ ದನ ಮೇಯಿಸುವವರು. ಕೊಡುಕೊಳ್ಳುವಲ್ಲಿ ಜಗಳ ಹತ್ತಿತು, ಪೋರ್ಚುಗೀಸರು ಹಳ್ಳಿಗೆ ನುಗ್ಗಿ ದನಗಳನ್ನೂ ಮಕ್ಕಳನ್ನೂ ಹಿಡಿದುಕೊಂಡು ಹೊರಟರು. ಖೊಯ್‌ಖೊಯ್‌ಗಳು ಶಿಳ್ಳೆಗೆ ಓಗೊಡುವ ತಮ್ಮ ದನಗಳನ್ನೇ ಮುಂದೆ ಬಿಟ್ಟು, ಅವುಗಳ ಮರೆಯಿಂದ ಕಲ್ಲು ಈಟಿ ಎಸೆದರು. ಮರಳಿನಲ್ಲಿ ಕಾಲು ಹೂತು ಓಡಲಾರದೆ ಅರವತ್ತಕ್ಕೂ ಹೆಚ್ಚು ಪೋರ್ಚುಗೀಸರು ಸತ್ತರು. ಅವರಲ್ಲೊಬ್ಬ ಇಂಡಿಯಾದ ಮೊದಲ ಪೋರ್ಚುಗೀಸ್ ವೈಸ್‌ರಾಯ್, ಫ್ರಾನ್ಸಿಸ್ಕೊ ದ ಅಲ್ಮೇಡ.

ಆ ಹೆಸರು ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಅಂತ ಹೊಳೆಯಲಿಲ್ಲ. ಅಷ್ಟರಲ್ಲಿ ಹೌಟ್ ಬೇ ಬಂತು.

ಹೌಟ್ ಬೇಯಲ್ಲಿ ದೋಣಿ ಹತ್ತಿ ಸೀಲ್‌ಗಳ ಬಂಡೆ ನೋಡಿ ಬಂದೆವು. ನೂರಾರು ಸೀಲ್, ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ, ನಮ್ಮ ಒಣಮೀನಿನ ಸಂತೆಯ ವಾಸನೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ.

ಮುಂದಿನದು ಚ್ಯಾಪ್‌ಮನ್ಸ್ ಪೀಕ್ ರಸ್ತೆ. ಒಂಬತ್ತು ಕಿಲೋಮೀಟರಿಗೆ 114 ತಿರುವು. ಒಂದು ಮಗ್ಗುಲಲ್ಲಿ ನೆಟ್ಟಗೆ ನಿಂತ ಬಂಡೆ, ಇನ್ನೊಂದು ಮಗ್ಗುಲಲ್ಲಿ ನೆಟ್ಟಗೆ ಕೆಳಗೆ ಸಮುದ್ರ. 1915ರಿಂದ 1922ರವರೆಗೆ ಕಟ್ಟಿದ್ದು, ಕಲ್ಲು ಕಡಿದವರಲ್ಲಿ ಬಹಳ ಜನ ಕೈದಿಗಳು. ಎಲ್ಲರೂ ಫೋನ್ ಎತ್ತಿ ಕಿಟಕಿಗೆ ಹಿಡಿದರು, ನಾನೂ ಹಿಡಿದೆ. ಗೈಡ್ ಮಾತ್ರ ಸಮುದ್ರ ತೋರಿಸಲಿಲ್ಲ, ತಲೆಯ ಮೇಲೆ ನೋಡಿ ಅಂದರು. ಗುಡ್ಡದ ಮೈಗೆ ಉಕ್ಕಿನ ಬಲೆ ಬಿಗಿದಿದ್ದಾರೆ. ಒಂದು ಕಡೆ ಬಂಡೆಯನ್ನೇ ಅರ್ಧ ಕೊರೆದು ರಸ್ತೆಗೆ ಸೂರು ಮಾಡಿದ್ದಾರೆ. 2000ದಲ್ಲಿ ಕಲ್ಲುರುಳಿ ಪ್ರಾಣಹಾನಿಯಾದ ಮೇಲೆ ಈ ರಸ್ತೆಯನ್ನೇ ಮುಚ್ಚಿಬಿಟ್ಟರಂತೆ. ಮತ್ತೆ ತೆರೆದದ್ದು 2003ರ ಕೊನೆಗೆ, ಟೋಲ್ ರಸ್ತೆಯಾಗಿ. ಈಗಲೂ ಜೋರು ಮಳೆಗಾಳಿ ಬಂದರೆ ಗೇಟು ಹಾಕುತ್ತಾರೆ. ದೇಶದ ಹೆಸರಾಂತ ಪ್ರವಾಸಿ ರಸ್ತೆಯನ್ನು ಸುಮಾರು ನಾಲ್ಕು ವರ್ಷ ಮುಚ್ಚಿ ಕೂತಿದ್ದರು ಅಂದಾಗ ನನಗೆ ಶಿರೂರು ನೆನಪಾಗದೆ ಇರಲಿಲ್ಲ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಗಂಗಾವಳಿಯಲ್ಲಿ ಲಾರಿ ಹುಡುಕುತ್ತ ಎರಡು ತಿಂಗಳು ಕಳೆದದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಅದೇ ಹೆದ್ದಾರಿಯಲ್ಲಿ ಊರಿಗೆ ಹೋಗುವಾಗ ಈಗಲೂ ಕಿಟಕಿಯಿಂದ ಗುಡ್ಡವನ್ನೇ ನೋಡುತ್ತ ಕೂರುತ್ತೇನೆ.

ಗಾಡಿ ಬಯಲಿಗಿಳಿದು ಇನ್ನೊಂದು ಊರಿನ ಪಕ್ಕ ಹಾದಾಗ ಗೈಡ್ ವೇಗ ಸ್ವಲ್ಪ ತಗ್ಗಿಸಿದರು. ಒತ್ತೊತ್ತಾಗಿ ಫ್ಲ್ಯಾಟುಗಳು, ಹಗ್ಗದ ತುಂಬ ಬಟ್ಟೆ. “ಇದರ ಹೆಸರು ಓಷನ್ ವ್ಯೂ. ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ” ಅಂದರು. ನನ್ನ ಪಕ್ಕದ ಜರ್ಮನ್ ಹೆಂಗಸು ಬರೆದುಕೊಂಡರು. ಇವರು ನಿದ್ದೆ ಹೋಗಿದ್ದರು.

ತುದಿ ತಲುಪಿದಾಗ ಹತ್ತೂವರೆ. ‘ಆಫ್ರಿಕಾ ಖಂಡದ ನೈರುತ್ಯದ ಕಟ್ಟಕಡೆಯ ಬಿಂದು’ ಅಂತ ಒಂದು ಬೋರ್ಡು, ಅದರ ಮುಂದೆ ಫೋಟೋಗೆ ಕ್ಯೂ. ನೈರುತ್ಯ ಅನ್ನುವ ಮಾತನ್ನು ಎಲ್ಲರೂ ನುಂಗಿಬಿಡುತ್ತಾರೆ. ಖಂಡದ ದಕ್ಷಿಣದ ತುದಿ ಇದಲ್ಲ, ಇಲ್ಲಿಂದ ಆಗ್ನೇಯಕ್ಕೆ ಸುಮಾರು 150 ಕಿಲೋಮೀಟರ್ ಆಚೆಗಿರುವ ಅಗಲ್ಹಾಸ್ ಭೂಶಿರ. ಹಿಂದೂ ಮಹಾಸಾಗರಕ್ಕೂ ಅಟ್ಲಾಂಟಿಕ್‌ಗೂ ಗಡಿ ಎಳೆದಿರುವುದೂ ಅಲ್ಲಿಯೇ. “ಎರಡು ಸಮುದ್ರ ಕೂಡುವ ಜಾಗ ಅಂತ ಅಂಗಡಿಯಲ್ಲಿ ಟೀ ಶರ್ಟ್ ಮಾರುತ್ತಾರೆ. ಬೇಕಾದರೆ ತಗೊಳ್ಳಿ, ನಂಬಬೇಡಿ” ಅಂದರು ಗೈಡ್. ಕಾರಿನಲ್ಲಿ ನಾವಿಬ್ಬರೇ ಹೋಗಿದ್ದರೆ ನಾನು ಆ ಟೀ ಶರ್ಟ್ ಹಾಕಿಕೊಂಡು ಎರಡು ಬಣ್ಣದ ನೀರು ಕಂಡೆ ಅಂತ ಇಲ್ಲಿ ಬರೆದಿರುತ್ತಿದ್ದೆ. ಕನ್ಯಾಕುಮಾರಿಯಲ್ಲಿ ಮೂರು ಬಣ್ಣ ಕಂಡವಳು ನಾನು, ಎರಡು ಕಾಣುವುದು ಏನು ಮಹಾ!

ಅಲ್ಲಿನ ದೀಪಸ್ತಂಭದ ಕಥೆ ನನಗೆ ಬಹಳ ಹಿಡಿಸಿತು. 1860ರಲ್ಲಿ ದೀಪ ಹಚ್ಚಿದ್ದು ಸಮುದ್ರದಿಂದ 230 ಮೀಟರಿಗೂ ಎತ್ತರದ ನೆತ್ತಿಯ ಮೇಲೆ. ಎತ್ತರವಾದಷ್ಟೂ ದೂರಕ್ಕೆ ಕಾಣುತ್ತದೆ ಅನ್ನುವ ಲೆಕ್ಕ. ಆದರೆ ಮಂಜು ಕವಿಯುವುದೂ ಅದೇ ಎತ್ತರದಲ್ಲಿ. ದೀಪ ಮೋಡದೊಳಗೆ ಉರಿಯುತ್ತಿತ್ತು, ಹಡಗು ಕೆಳಗೆ ಕತ್ತಲಲ್ಲಿ ಹೋಗುತ್ತಿತ್ತು. 1911ರಲ್ಲಿ ಲುಸಿಟಾನಿಯಾ ಎಂಬ ಪೋರ್ಚುಗೀಸ್ ಪ್ರಯಾಣಿಕರ ಹಡಗು ಬೆಲ್ಲೋಸ್ ಬಂಡೆಗೆ ಬಡಿದು ಒಡೆದ ಮೇಲೆ, ಕೆಳಗೆ 87 ಮೀಟರ್ ಎತ್ತರದಲ್ಲಿ ಇನ್ನೊಂದು ದೀಪ ಕಟ್ಟಿದರು. ಈಗ ಮೇಲಿನದಕ್ಕೆ ನಾವು ಏದುಸಿರು ಬಿಡುತ್ತ ಹತ್ತುತ್ತೇವೆ, ಕೆಳಗಿನದು ಕೆಲಸ ಮಾಡುತ್ತದೆ. ಇವರು “ನಮ್ಮ ಆಫೀಸಿನ ಹಾಗೆ” ಅಂದರು. ಇಡೀ ದಿನದಲ್ಲಿ ಇವರ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ.

ಬಬೂನ್ ಕೋತಿಯೊಂದು ಯಾರದೋ ಚಿಪ್ಸ್ ಪೊಟ್ಟಣ ಕಿತ್ತುಕೊಂಡು ಕಾರಿನ ಮೇಲೆ ಕೂತು ತಿಂದದ್ದನ್ನೂ ನೋಡಿದೆವು. ಧರ್ಮಸ್ಥಳ ಕಂಡವರಿಗೆ ಅದರಲ್ಲಿ ಹೊಸದೇನಿಲ್ಲ, ಗಾತ್ರ ಮಾತ್ರ ಒಂದಕ್ಕೆರಡು.

ತುದಿಯಿಂದ ತಿರುಗಿ ಪೂರ್ವದ ದಂಡೆ ಹಿಡಿದರೆ ಸೈಮನ್ಸ್ ಟೌನ್. ನೌಕಾಪಡೆಯ ಊರು, ಮುದ್ದಾದ ಹಳೆಯ ಕಟ್ಟಡಗಳು. ಬ್ರಿಟಿಷ್ ನೌಕಾಪಡೆಗೆ ಅಧಿಕೃತವಾಗಿ ಸೇರಿಸಿಕೊಂಡಿದ್ದ ಒಂದು ಗ್ರೇಟ್ ಡೇನ್ ನಾಯಿಯ ಪ್ರತಿಮೆ ಇದೆ. ಎಲ್ಲರೂ ನಾಯಿಯ ಫೋಟೋ ತೆಗೆದು ಮುಗಿಸಿದ ಮೇಲೆ ಗೈಡ್ ಕೇಳಿದರು: “ಬೆಳಿಗ್ಗೆ ತೋರಿಸಿದ ಊರಿನ ಹೆಸರೇನು?” ಜರ್ಮನ್ ಹೆಂಗಸು ಓದಿ ಹೇಳಿದರು, ಓಷನ್ ವ್ಯೂ.

“ನಾನು ಹುಟ್ಟಿದ್ದು ಇಲ್ಲಿ, ಆ ಮೇಲಿನ ಓಣಿಯಲ್ಲಿ. ಬೆಳೆದದ್ದು ಅಲ್ಲಿ.”

1967ರಲ್ಲಿ ವರ್ಣಭೇದದ ಸರ್ಕಾರ ಗುಂಪು ಪ್ರದೇಶಗಳ ಕಾಯ್ದೆಯಡಿ ಸೈಮನ್ಸ್ ಟೌನನ್ನು ಬಿಳಿಯರ ಪ್ರದೇಶ ಎಂದು ಘೋಷಿಸಿತು. ಸುಮಾರು 7,000 ಜನರನ್ನು ಎಬ್ಬಿಸಿದರು. ತಲೆಮಾರುಗಳಿಂದ ಡಾಕ್‌ಯಾರ್ಡಿನಲ್ಲಿ ದುಡಿದವರು, ಮೀನು ಹಿಡಿದವರು, ಬಟ್ಟೆ ಹೊಲಿದವರು. ಅವರಿಗೆಂದು ಬೆಟ್ಟದ ಆಚೆ ಕಟ್ಟಿಸಿದ ಕಾಲೊನಿಗೆ ಇಟ್ಟ ಹೆಸರು ಓಷನ್ ವ್ಯೂ, ಸಮುದ್ರ ನೋಟ. ಬಾಗಿಲು ತೆರೆದರೆ ಸಮುದ್ರ ಕಾಣುತ್ತಿದ್ದವರನ್ನು ಕಳಿಸಿದ ಜಾಗಕ್ಕೆ! ಗೈಡಿಗೆ ಆಗ ಆರು ವರ್ಷವಂತೆ. ಲಾರಿಯಲ್ಲಿ ಅಜ್ಜಿಯ ಹೊಲಿಗೆ ಯಂತ್ರದ ಪಕ್ಕ ಕೂತು ಹೋದದ್ದು ನೆನಪಿದೆ ಅಂದರು. ಮಸೀದಿಯನ್ನು ಕೆಡವಲಿಲ್ಲ. ಶುಕ್ರವಾರ ಬಸ್ಸು ಹಿಡಿದು ತಮ್ಮದೇ ಊರಿಗೆ ಪರಸ್ಥಳದವರ ಹಾಗೆ ಬಂದು ನಮಾಜು ಮಾಡಿ ಹೋಗುತ್ತಿದ್ದರು. ಇದನ್ನೆಲ್ಲ ಅವರು ಹೇಳಿದ್ದು ಅಳುದನಿಯಲ್ಲಲ್ಲ, ಸಮಯಪಾಲಕನಂತೆ ಗಡಿಯಾರ ನೋಡುತ್ತ, “ಊಟಕ್ಕೆ ನಲವತ್ತು ನಿಮಿಷ” ಅಂತ ಅದೇ ಉಸಿರಿನಲ್ಲಿ ಸೇರಿಸಿ.

ಊಟ ಅವರೇ ಕರೆದುಕೊಂಡು ಹೋದ ಹೋಟೆಲಿನಲ್ಲಿ. ಮೀನಿಗೆ ಉಪ್ಪಿಲ್ಲ, ಖಾರವಿಲ್ಲ, ಬಿಲ್ಲಿನಲ್ಲಿ ಮಾತ್ರ ಎರಡೂ ಇತ್ತು. ಡೇ ಟೂರಿನ ತಕರಾರುಗಳನ್ನು ನಾನೂ ಮುಚ್ಚಿಡುವುದಿಲ್ಲ. ಎಲ್ಲಿಯೂ ಕೂರಲು ಬಿಡುವುದಿಲ್ಲ. ಹೂವಿನ ಪೊದೆಗಳ ಆ ಕುರುಚಲು ಕಾಡಿನಲ್ಲಿ, ಅದಕ್ಕೆ ಫೈನ್‌ಬಾಸ್ ಅನ್ನುತ್ತಾರೆ, ಇಳಿದು ಹತ್ತು ನಿಮಿಷ ನಡೆಯಬೇಕು ಅನ್ನಿಸಿತ್ತು, ಆಗಲಿಲ್ಲ. ಕಾಕ್ ಬೇ ಬಂದರನ್ನು ಕಿಟಕಿಯಿಂದಲೇ ನೋಡಿದ್ದು. ಆ ಊರಿಗೆ ಹೆಸರು ಬಂದಿದ್ದು ಸುಣ್ಣದಿಂದ, ಚಿಪ್ಪು ಸುಡುವ ಭಟ್ಟಿಗಳಿದ್ದವು ಅಂದಾಗ, ನಮ್ಮೂರಿನಲ್ಲೂ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು ಅಂತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಊರು ಹಿಂದಾಗಿತ್ತು.

ಪೆಂಗ್ವಿನ್ ವಿಷಯ ಬಿಟ್ಟರೆ ಬೈಯುತ್ತೀರಿ. ಬೋಲ್ಡರ್ಸ್ ಬೀಚಿನಲ್ಲಿ 1982ರಲ್ಲಿ ಎರಡು ಜೋಡಿ ಬಂದು ಗೂಡು ಕಟ್ಟಿದ್ದು, ಬೆಳೆದು ಸಾವಿರಾರು ಆದವು. ಕತ್ತೆ ಕಿರುಚಿದ ಹಾಗೆ ಕೂಗುತ್ತವೆ. ನೋಡಲು ಜಾತ್ರೆ ಸೇರಿದರೂ ಈ ಜಾತಿ ಉಳಿಯುವ ಭರವಸೆ ಕಡಿಮೆ. 2024ರಲ್ಲಿ ಇದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪಟ್ಟಿಗೆ ಸೇರಿಸಿದರು. ದೊಡ್ಡ ಕಾರಣ, ಅವು ತಿನ್ನುವ ಬೂತಾಯಿ ಜಾತಿಯ ಮೀನು, ಆಂಚೊವಿ ಎರಡೂ ಕಡಿಮೆಯಾಗಿರುವುದು. ಬೂತಾಯಿ ಸಿಗದ ವರ್ಷ ಮನೆಯಲ್ಲಿ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಪೆಂಗ್ವಿನ್ ಹೇಳಬೇಕಾಗಿಲ್ಲ.

ಮತ್ತೆ ಅಲ್ಮೇಡ. ಊಟದ ಟೇಬಲ್ಲಿನಲ್ಲಿ ಫೋನ್ ತೆಗೆದು ಹುಡುಕಿದೆ. ಓದುತ್ತ ಓದುತ್ತ ಚಮಚ ಕೆಳಗಿಟ್ಟೆ. 1505ರಲ್ಲಿ ಪೋರ್ಚುಗಲ್ಲಿನಿಂದ ಹೊರಟ ಈ ಮನುಷ್ಯ ಇಂಡಿಯಾದಲ್ಲಿ ಮೊದಲು ನಮ್ಮ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಲು ತೊಡಗುತ್ತಾನೆ. ಆಮೇಲೆ, ಅದೇ ಅಕ್ಟೋಬರಿನಲ್ಲಿ, ‘ಓನೋರ್’ ಎಂಬ ಬಂದರಿಗೆ ಬಂದು ಅಲ್ಲಿದ್ದ ಹಡಗುಗಳಿಗೆ ಬೆಂಕಿ ಇಡುತ್ತಾನೆ. ಓನೋರ್ ಅಂದರೆ ಹೊನ್ನಾವರ. ನಾನು ಹುಟ್ಟಿದ ಊರು, ಹತ್ತನೇ ಕ್ಲಾಸಿನವರೆಗೆ ಓದಿದ ಊರು. ಶರಾವತಿ ಸಮುದ್ರ ಸೇರುವ ಆ ಅಳಿವೆಯ ಪಕ್ಕದಲ್ಲೇ ನಡೆದು ಶಾಲೆಗೆ ಹೋಗುತ್ತಿದ್ದೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಇಸವಿ ಕೇಳಿ, ನಿದ್ದೆಯಲ್ಲೂ ಹೇಳುತ್ತೇನೆ. ನಮ್ಮೂರಿನ ಹಡಗು ಸುಟ್ಟದ್ದು ಗೊತ್ತಾಗಲು ಐವತ್ತು ವರ್ಷ ವಯಸ್ಸಾಗಬೇಕಾಯಿತು, ಆಫ್ರಿಕಾದ ತುದಿಯಲ್ಲಿ ಒಬ್ಬ ವ್ಯಾನ್ ಡ್ರೈವರ್ ಹೆಸರು ಎತ್ತಬೇಕಾಯಿತು.

ಮ್ಯೂಜನ್‌ಬರ್ಗ್ ಬೀಚಿನಲ್ಲಿ ಎಲ್ಲರೂ ಬಣ್ಣದ ಗುಡಿಸಲುಗಳ ಮುಂದೆ ನಿಂತಿದ್ದಾಗ ನಾನು ಗೈಡ್ ಹತ್ತಿರ ಹೋಗಿ ಫೋನ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಓದಿ, “ಅಮ್ಮಾ, ಹಾಗಾದರೆ ನಿಮ್ಮೂರಿನ ಬಾಕಿಯನ್ನು ನಾವು ಐದು ವರ್ಷದೊಳಗೇ ತೀರಿಸಿದ್ದೇವೆ” ಅಂತ ಗಟ್ಟಿಯಾಗಿ ನಕ್ಕರು. ಆಮೇಲೆ ಇನ್ನೊಂದು ಹೇಳಿದರು. ಡಚ್ಚರು ಗುಲಾಮರಾಗಿ ಇಲ್ಲಿಗೆ ಹಿಡಿದು ತಂದವರಲ್ಲಿ ಬಂಗಾಳದವರು, ಮಲಬಾರಿನವರು, ಕೋರಮಂಡಲದವರು ಬಹಳ. ಸ್ವಂತ ಹೆಸರು ಕಿತ್ತು ‘ಫಾನ್ ಮಲಬಾರ್’, ‘ಫಾನ್ ಬೆಂಗಾಲೆ’ ಅಂತ ಬರೆದುಕೊಂಡರು. ತನ್ನ ಅಜ್ಜಿಯ ಅಜ್ಜಿ ಎಲ್ಲಿಯವರು ಅಂತ ಯಾರ ಬಳಿಯೂ ಕಾಗದವಿಲ್ಲ, ನಿಮ್ಮ ಕಡೆಯವರೇ ಇರಬಹುದು, ಅದಕ್ಕೇ ಅಮ್ಮಾ ಅಂದೆ ಅಂದರು. ತಮಾಷೆಗೋ ನಿಜಕ್ಕೋ ಗೊತ್ತಾಗದ ಹಾಗೆ.

ಈಗ ಗೆಳತಿಗೆ ಉತ್ತರ. ಕಾರಿನಲ್ಲಿ ಹೋಗಿದ್ದರೆ ಇದೇ ಬಂಡೆ, ಇದೇ ನೀರು, ಇನ್ನೂ ನಿಧಾನವಾಗಿ ನೋಡುತ್ತಿದ್ದೆ, ಒಪ್ಪಿದೆ. ಆದರೆ ಓಷನ್ ವ್ಯೂ ನನಗೆ ಎಡಗಡೆ ಕಂಡ ಯಾವುದೋ ಕಾಲೊನಿಯಾಗಿ ದಾಟಿಹೋಗುತ್ತಿತ್ತು. ಕಣ್ಣಿಗೆ ಬೀಳುವುದನ್ನು ನೋಡಲು ಗೈಡ್ ಬೇಡ. ಅಲ್ಲಿಂದ ಎತ್ತಿಹಾಕಿದ್ದನ್ನು ನೋಡಲು ಬೇಕು. ಮತ್ತೆ ಟೂರು ಅಂದರೆ ಕುರಿಮಂದೆ ಅನ್ನುವ ನಮ್ಮ ತಾತ್ಸಾರ ಇದೆಯಲ್ಲ, ಅದು ನಾವು ಒಳ್ಳೆಯ ಗೈಡ್ ಕಾಣದೆ ಬಂದದ್ದು. ಹಂಪಿ, ಬೇಲೂರು ಬಿಡಿ, ಅಲ್ಲಿ ಆ ಕಸುಬಿಗೆ ಬೆಲೆ ಇದೆ. ನಮ್ಮ ಕರಾವಳಿಯಲ್ಲಿ ಟ್ಯಾಕ್ಸಿಯವನು ಮುರ್ಡೇಶ್ವರದ ಶಿವ, ಗೋಕರ್ಣದ ಬೀಚು, ಮಿರ್ಜಾನ್ ಕೋಟೆ ಅಂತ ಇಳಿಸುತ್ತಾನೆ, ಹತ್ತಿಸಿಕೊಳ್ಳುತ್ತಾನೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಹೇಳಿಕೊಂಡು ನಿಂತ ಕೋಟೆಯಲ್ಲಿ ನಾನು ಕಂಡದ್ದೆಲ್ಲ ಪ್ರೀ-ವೆಡ್ಡಿಂಗ್ ಶೂಟ್. ಅದು ಟ್ಯಾಕ್ಸಿಯವನ ತಪ್ಪಲ್ಲ. ಅವನಿಗೆ ಯಾರೂ ಹೇಳಿಲ್ಲ, ಹೇಳಿದರೆ ನೂರು ರೂಪಾಯಿ ಜಾಸ್ತಿ ಸಿಗುತ್ತದೆ ಅನ್ನುವ ಭರವಸೆಯೂ ಇಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಶರಾವತಿಯಲ್ಲಿ ಕಾಂಡ್ಲಾ ಕಾಡು ತೋರಿಸುವ ಬೋಟು ಹತ್ತಿದೆ. ಇಪ್ಪತ್ತರ ಆಸುಪಾಸಿನ ಹುಡುಗ, ಹಾಡು ಹಾಕಿಕೊಂಡು ಓಡಿಸುತ್ತಿದ್ದ. ಅಳಿವೆ ಕಾಣುವಲ್ಲಿ ಬಂದಾಗ ತಡೆಯಲಾರದೆ ಹೇಳಿಬಿಟ್ಟೆ, ಇಲ್ಲಿ ಐನೂರು ವರ್ಷದ ಹಿಂದೆ ಹಡಗು ಸುಟ್ಟಿದ್ದರು, ಸುಟ್ಟವನು ಆಫ್ರಿಕಾದಲ್ಲಿ ದನಗಾಹಿಗಳ ಕೈಯಲ್ಲಿ ಸತ್ತ ಅಂತ. ಹಾಡು ನಿಲ್ಲಿಸಿದ. ಇಂಜಿನ್ನೂ ಬಂದ್ ಮಾಡಿದ.

“ಹೌದಾ ಅಕ್ಕಾ? ಅವನ ಹೆಸರು ಇನ್ನೊಂದ್ಸಲ ಹೇಳಿ.”

ಹೇಳಿದೆ. ಹೆಬ್ಬೆರಳಿನಲ್ಲಿ ಫೋನಿಗೆ ಒತ್ತಿಕೊಂಡ. ಬಗ್ಗಿ ನೋಡಿದರೆ ‘ಆಲ್ ಮೀಡಿಯಾ’ ಅಂತ ಬರೆದುಕೊಂಡಿದ್ದ. ಬೋಟು ತೇಲುತ್ತಲೇ ಇತ್ತು, ಅವನ ಪಕ್ಕ ಕೂತು ಒಂದೊಂದೇ ಅಕ್ಷರ ತಿದ್ದಿಸಿದೆ.