ಸೂರ್ಯನೊಬ್ಬನನ್ನು ಬಿಟ್ಟು ಎಲ್ಲರ ಮೇಲೂ ಅನುಮಾನ

"ಬರೀ ಬಿಸಿಲಿಗೆ ಯಾರಾದ್ರೂ ಸಾಯ್ತಾರೇನ್ರೀ?"

ಪುಣೆಯ ನಮ್ಮ ಕನ್ನಡದವರ ಚಾರಣ ಗುಂಪಿನಲ್ಲಿ ಈ ಪ್ರಶ್ನೆ ಪ್ರತಿ ಏಪ್ರಿಲ್‌ಗೂ ತಪ್ಪದೆ ಬರುತ್ತದೆ. ಹಾಪುಸ್ ಮಾವಿನ ರೇಟು ಸ್ವಲ್ಪ ಇಳಿಯುವ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು ಕ್ಯಾಲಿಫೋರ್ನಿಯಾದ ಆ ಹಳೇ ಸಾವಿನ ವಿಡಿಯೋ ಮತ್ತೆ ಎತ್ತಿ ಹಾಕುತ್ತಾರೆ. ಹಿಂದೆ ದೆವ್ವದ ಸಿನಿಮಾದ ಸಂಗೀತ, ಮುಂದೆ ಕೆಂಪು ಬಾಣದ ಗುರುತು, ನಡುವೆ ಗಂಟಲು ದಪ್ಪ ಮಾಡಿಕೊಂಡ ಒಬ್ಬ ಹುಡುಗ "ವಿಜ್ಞಾನಿಗಳೇ ದಂಗು" ಅನ್ನುತ್ತಾನೆ. ವಿಜ್ಞಾನಿಗಳು ದಂಗಾಗಿಲ್ಲ. ಸಾವಿನ ಕಾರಣ ಬಿಸಿಲಿನ ತಾಪ ಅಂತ ತನಿಖೆ ಮಾಡಿದವರು 2021ರ ಅಕ್ಟೋಬರಿನಲ್ಲೇ ಹೇಳಿದ್ದಾರೆ. ಆದರೆ ಹೇಳಿದ ಕಾರಣ ಜನಕ್ಕೆ ಹಿಡಿಸಲಿಲ್ಲ. ಉಪ್ಪಿಲ್ಲ, ಖಾರ ಇಲ್ಲ, ಖಳನಾಯಕ ಇಲ್ಲ.

ನಡೆದದ್ದು ಇಷ್ಟು. 2021ರ ಆಗಸ್ಟ್ 15, ಭಾನುವಾರ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಹತ್ತಿರದ ಮಾರಿಪೋಸಾ ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ಗಂಡ, ಹೆಂಡತಿ, ಒಂದು ವರ್ಷದ ಮಗು, ಒಂದು ನಾಯಿ ಬೆಳಗ್ಗೆ ನಡೆಯಲು ಹೊರಟರು. ಸುಮಾರು 13 ಕಿಲೋಮೀಟರಿನ ಸುತ್ತು. ಮೊದಲು ಕಣಿವೆಗೆ ಇಳಿಯಬೇಕು, ನದಿಯ ಪಕ್ಕ ನಡೆಯಬೇಕು, ಆಮೇಲೆ ಕಡಿದಾದ ಬೆಟ್ಟ ಹತ್ತಿ ವಾಪಸ್ ಬರಬೇಕು. ಆ ಬೆಟ್ಟದ ಮರಗಳು 2018ರ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಗಿದ್ದವು, ನೆರಳು ಅನ್ನುವುದು ಇರಲೇ ಇಲ್ಲ ಅನ್ನಬಹುದು. ಮಧ್ಯಾಹ್ನಕ್ಕೆ ಅಲ್ಲಿ 42-43 ಡಿಗ್ರಿ. ಎರಡು ದಿನ ಬಿಟ್ಟು ನಾಲ್ಕೂ ಜೀವ ದಾರಿಯಲ್ಲೇ ಸತ್ತು ಸಿಕ್ಕವು. ಜೊತೆಗಿದ್ದ ಎರಡೂವರೆ ಲೀಟರಿನ ನೀರಿನ ಚೀಲ ಖಾಲಿ.

ಇದಿಷ್ಟನ್ನು ಊರಿನ ಯಾವ ಅಜ್ಜಿಗೆ ಹೇಳಿದರೂ ಆಕೆ ಕೇಳುವುದು ಒಂದೇ ಮಾತು: "ಆ ಉರಿಬಿಸಿಲಲ್ಲಿ ಕೂಸು ಎತ್ಕೊಂಡು ಯಾಕೆ ಹೋದ್ರು?" ಅಷ್ಟಕ್ಕೇ ಕಣ್ಣು ಒರೆಸಿಕೊಂಡು ಸುಮ್ಮನಾಗುತ್ತಾಳೆ. ನಮ್ಮ ಗುಂಪಿನಲ್ಲಿ ಅಜ್ಜಿಯರಿಲ್ಲ. ಇರುವವರೆಲ್ಲ ಹಿಂಜೇವಾಡಿಯ ಇಂಜಿನಿಯರುಗಳು, ಕೋಥ್ರೂಡಿನ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಡೆಕ್ಕನ್ ಕಡೆ ಇಡ್ಲಿ ಹೋಟೆಲ್ ನಡೆಸುವ ಒಬ್ಬ ಕುಂದಾಪುರದ ಅಣ್ಣ, ಮತ್ತೆ ವಿಜಯಪುರದ ಮಾಮಾ. ಇವರಲ್ಲಿ ಒಬ್ಬರೂ ಬಿಸಿಲಿಗೆ ಒಪ್ಪುವವರಲ್ಲ.

ಮೊದಲ ಆರೋಪಿ ಗಣಿ ಅನಿಲ. ಆ ಸೀಮೆಯಲ್ಲಿ 1849ರ ಚಿನ್ನದ ಹುಚ್ಚಿನ ಕಾಲದಿಂದ ಹಳೇ ಗಣಿಗಳಿವೆ. ಅಲ್ಲಿಂದ ವಿಷಗಾಳಿ ಬಂದು ನಾಲ್ವರನ್ನೂ ಒಟ್ಟಿಗೆ ಮಲಗಿಸಿತು ಅಂತ ವಾದ. ನ್ಯಾಯವಾಗಿ ಹೇಳಬೇಕು ಅಂದ್ರೆ ತನಿಖೆ ಮಾಡಿದವರಿಗೂ ಮೊದಲು ಈ ಅನುಮಾನ ಬಂದಿತ್ತು. ಮೈಮೇಲೆ ಗಾಯವಿಲ್ಲ, ನಾಯಿಯೂ ಸತ್ತಿದೆ, ಮತ್ತೇನು ಅಂದುಕೊಳ್ಳಬೇಕು? ಅವರು ಹುಷಾರಾಗಿ ಜಾಗ ಸುತ್ತುವರಿದರು, ರಕ್ತ ಪರೀಕ್ಷೆ ಮಾಡಿಸಿದರು, ಗಣಿ ಎಷ್ಟು ದೂರ ಇದೆ ನೋಡಿದರು, ಅಲ್ಲ ಅಂತ ಖಾತ್ರಿಯಾದ ಮೇಲೆ ಆ ಅನುಮಾನ ಕೈಬಿಟ್ಟರು. ಕೈಬಿಡುವುದು ಅನ್ನುವ ಈ ಕೊನೇ ಕೆಲಸ ಇದೆಯಲ್ಲ, ಅದು ನಮ್ಮವರಿಗೆ ಬರುವುದಿಲ್ಲ. ಹಿಂಜೇವಾಡಿಯ ಹುಡುಗನೊಬ್ಬ ಅನಿಲದ ತೂಕ, ಗಾಳಿಯ ದಿಕ್ಕು, ಕಣಿವೆಯ ಇಳಿಜಾರು ಎಲ್ಲಾ ಸೇರಿಸಿ ಎಕ್ಸೆಲ್ ಶೀಟ್ ಮಾಡಿದ. ಅವನ ಲೆಕ್ಕದ ಪ್ರಕಾರ ಆ ಅನಿಲ ಗಣಿಯಿಂದ ಹೊರಟು, ಬಯಲು ಬೆಟ್ಟದಲ್ಲಿ ಗಾಳಿಗೆ ಚದುರದೆ, ಕಿಲೋಮೀಟರುಗಟ್ಟಲೆ ಶಿಸ್ತಾಗಿ ನಡೆದು, ಈ ನಾಲ್ವರನ್ನೇ ಹುಡುಕಿ ಹೊಡೆದು, ಮತ್ತೆ ಗಣಿಗೆ ವಾಪಸಾಗಿದೆ. ಇಷ್ಟು ಹೊತ್ತಿಗೆ ಸರಿಯಾಗಿ ಹೋಗಿ ಬರುವುದು ಪುಣೆಯ ಸಿಟಿ ಬಸ್ಸಿಗೂ ಆಗಿಲ್ಲ.

ಎರಡನೆಯದು ಪಾಚಿ. ಇದರಲ್ಲಿ ಸ್ವಲ್ಪ ಸತ್ಯಾಂಶ ಇದೆ, ಅದಕ್ಕೇ ಇದು ಹೆಚ್ಚು ಅಪಾಯ. ಅಲ್ಲಿ ಹರಿಯುವ ಮರ್ಸೆಡ್ ನದಿಯ ನೀರಿನಲ್ಲಿ ಪಾಚಿಯ ವಿಷ ಸಿಕ್ಕಿದ್ದು ನಿಜ, ನದಿಯ ಆ ಭಾಗಕ್ಕೆ ಜನ ಬರದಂತೆ ಬಂದ್ ಮಾಡಿದ್ದೂ ನಿಜ. ಆದರೆ ಈ ಕುಟುಂಬ ಆ ನೀರು ಕುಡಿದಿತ್ತು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ನಮ್ಮ ಬ್ಯಾಂಕ್ ಅಧಿಕಾರಿಗಳು ಅದನ್ನು ಒಪ್ಪಲಿಲ್ಲ. "ಪುರಾವೆ ಸಿಗದೇ ಇರೋದೇ ಪುರಾವೆ" ಅಂದರು. ಇವರು ಕೆಲಸದಲ್ಲಿದ್ದಾಗ ಸಾಲ ಕೇಳಲು ಹೋದವನ ಹತ್ತಿರ ಎಷ್ಟು ಕಾಗದ ಕೇಳುತ್ತಿದ್ದರು ಅಂತ ನೆನೆದರೆ ನಗು ಬರುತ್ತದೆ.

ಆಮೇಲೆ ಸಿಡಿಲು, ಸಯನೈಡ್, ಕಾಡಲ್ಲಿ ಗಾಂಜಾ ಬೆಳೆಯುವ ಗ್ಯಾಂಗು, ಮಿಲಿಟರಿಯ ಗುಟ್ಟಿನ ಪ್ರಯೋಗ, ಹಾರುವ ತಟ್ಟೆ. ಹಾರುವ ತಟ್ಟೆ ಹೇಳಿದವರು ಕೊನೆಗೆ ನಗುವ ಚಿತ್ರ ಹಾಕಿದ್ದರು. ಹಾಗಾಗಿ ಅದು ತಮಾಷೆಯೋ ನಿಜವೋ ಗೊತ್ತಾಗಲಿಲ್ಲ, ಮೂರು ಜನ ಮಾತ್ರ ಹೆಬ್ಬೆರಳು ಎತ್ತಿದರು.

ಫೋನಿನ ಕತೆ ಇನ್ನೂ ಚೆಂದ. "ಕಷ್ಟ ಅಂತಾದ್ರೆ ಫೋನ್ ಮಾಡ್ಬೇಕಿತ್ತಲ್ಲ, ಯಾಕೆ ಮಾಡ್ಲಿಲ್ಲ?" ಅನ್ನುವುದು ಇವರ ಬ್ರಹ್ಮಾಸ್ತ್ರವಾಗಿತ್ತು. 2022ರಲ್ಲಿ ಎಫ್‌ಬಿಐನವರು ಫೋನ್ ಬಿಚ್ಚಿ ನೋಡಿದರು. ಸಹಾಯ ಕೇಳಿ ಮೆಸೇಜ್ ಕಳಿಸಲು ನೋಡಿದ್ದರು, ಹಲವು ಸಲ ಕಾಲ್ ಮಾಡಲು ನೋಡಿದ್ದರು, ಸಿಗ್ನಲ್ ಇಲ್ಲದೆ ಒಂದೂ ಹೋಗಿರಲಿಲ್ಲ. ಓದಿದರೆ ಹೊಟ್ಟೆ ಹಿಂಡುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಹೊಟ್ಟೆ ಹಿಂಡಲಿಲ್ಲ, ತಲೆ ಓಡಿತು. "ಹಾಗಾದ್ರೆ ಜಾಮರ್ ಹಾಕಿದ್ರು" ಅಂದರು. ಇವರ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೇ ಸಿಗ್ನಲ್ ಬರುವುದಿಲ್ಲ. ರಾಜಗಡದ ಹಿಂದಿನ ಕಣಿವೆಗೆ ಇಳಿದರಂತೂ ಫೋನು ಬರೀ ಟಾರ್ಚು. ಅಲ್ಲಿ ಯಾವ ಗೂಢಚಾರನೂ ಜಾಮರ್ ಹಿಡಿದು ಕೂತಿಲ್ಲ, ಬೆಟ್ಟ ಅಡ್ಡ ಇದೆ ಅಷ್ಟೇ.

ಈಗ ವಿಜಯಪುರದ ಮಾಮಾ. ಇವರು ಎಲ್ಲರ ವಾದ ಮುಗಿದ ಮೇಲೆ ಬಂದು ಒಂದೇ ಏಟಿಗೆ ಬಿಸಿಲನ್ನು ನಿರ್ದೋಷಿ ಅಂತ ಬಿಡಿಸಿಬಿಡುತ್ತಾರೆ. "ನಾವ್ ನಲವತ್ತ್ಮೂರು ಡಿಗ್ರ್ಯಾಗ ಹುಟ್ಟಿ ಬೆಳದೋರು, ನಮಗೇನಾತು?" ಇದಕ್ಕೆ ಯಾರೂ ಎದುರು ಮಾತಾಡುವುದಿಲ್ಲ. ನಾನು ಮೇ ತಿಂಗಳಲ್ಲಿ ವಿಜಯಪುರಕ್ಕೆ ಹೋಗಿದ್ದೇನೆ. ಮಧ್ಯಾಹ್ನ ಒಂದು ಗಂಟೆಗೆ ಗೋಳಗುಮ್ಮಟದ ಎದುರು ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಅಂಗಡಿಯವನು ಅರ್ಧ ಷಟರ್ ಎಳೆದು ಒಳಗೆ ಮಲಗಿರುತ್ತಾನೆ. ಹೊಲದ ಕೆಲಸ ಬೆಳಗ್ಗೆಯೇ ಮುಗಿದಿರುತ್ತದೆ, ಎಮ್ಮೆ ಕೆರೆಯಲ್ಲಿರುತ್ತದೆ, ಹೊರಗೆ ಹೋಗಲೇಬೇಕಾದವನ ತಲೆಗೆ ಬಿಳಿ ರುಮಾಲು, ಜೇಬಿಗೆ ಈರುಳ್ಳಿ. ಮನೆಗೆ ಬಂದವರಿಗೆ ಮಜ್ಜಿಗೆ ಕೊಡದೆ ಮಾತಾಡಿಸುವುದಿಲ್ಲ. ಇಡೀ ಊರು ಸೂರ್ಯನಿಗೆ ಹೆದರಿ, ಮರ್ಯಾದೆ ಕೊಟ್ಟು, ದಿನಚರಿಯನ್ನೇ ಅವನ ಸುತ್ತ ಕಟ್ಟಿಕೊಂಡು ಬದುಕಿದೆ. ಮಾಮಾ ಬದುಕಿರುವುದು 43 ಡಿಗ್ರಿಯನ್ನು ಗೆದ್ದಿದ್ದರಿಂದಲ್ಲ, ಅವರ ಅವ್ವ ಮಧ್ಯಾಹ್ನ ಹೊರಗೆ ಬಿಡದೇ ಇದ್ದಿದ್ದರಿಂದ. ಪುಣೆಗೆ ಬಂದು ಎಸಿ ಹಾಕಿಸಿಕೊಂಡ ಮೇಲೆ ಅದು ಶೌರ್ಯ ಆಯಿತು.

ಇನ್ನು ಆ 42 ಅನ್ನುವ ಅಂಕಿ. ಅದನ್ನು ನೋಡಿ "ಇಷ್ಟೇನಾ" ಅನ್ನುವವರೇ ಜಾಸ್ತಿ. ಹವಾಮಾನದವರ ಥರ್ಮಾಮೀಟರು ಬಿಸಿಲಲ್ಲಿ ಇರುವುದಿಲ್ಲ ಕಣ್ರಪ್ಪಾ. ನೆಲದಿಂದ ನಾಲ್ಕಡಿ ಮೇಲೆ, ಬಿಳಿ ಬಣ್ಣದ, ಗಾಳಿ ಆಡುವ ಪೆಟ್ಟಿಗೆಯೊಳಗೆ ತಣ್ಣಗೆ ಕೂತಿರುತ್ತದೆ. ಅದು ಹೇಳುವುದು ನೆರಳಿನ ಲೆಕ್ಕ. ಮರವಿಲ್ಲದ ಬೆಟ್ಟದಲ್ಲಿ ಮೇಲಿಂದ ಸೂರ್ಯ, ಕೆಳಗಿಂದ ಕಾದ ಕಲ್ಲು, ಬೆನ್ನ ಮೇಲೆ ಮಗು ಇರುವವನ ಲೆಕ್ಕ ಬೇರೆ. ನಮ್ಮ ಶಿವಾಜಿನಗರದ ಹವಾಮಾನ ಕಚೇರಿಗೆ ಪುಣೆ ಜನ ಇವತ್ತಿಗೂ ಸಿಮ್ಲಾ ಆಫೀಸ್ ಅಂತಲೇ ಅನ್ನುತ್ತಾರೆ. 1928ರಲ್ಲಿ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂದಾಗ ಹೆಸರೂ ಗಂಟು ಕಟ್ಟಿಕೊಂಡು ಬಂತು. ಸಿಮ್ಲಾ ಹೆಸರಿನ ಕಟ್ಟಡದಿಂದ ಬರುವ ಪುಣೆಯ ತಾಪಮಾನ ಓದಿಕೊಂಡು, ಶಾರ್ಟ್ಸ್ ಹಾಕಿಕೊಂಡು ಹೊರಡುವ ಜನ ನಾವು.

ಗಾಳಿಯೇ ಮೈಗಿಂತ ಬಿಸಿಯಾದ ಮೇಲೆ ಮೈ ತಣ್ಣಗಾಗಲು ಬೆವರು ಆರುವುದೊಂದೇ ದಾರಿ. ಹತ್ತುವಾಗ ಗಂಟೆಗೆ ಒಂದು ಲೀಟರ್ ಬೆವರು ದೊಡ್ಡ ಮಾತಲ್ಲ, ಅದಕ್ಕಿಂತ ಜಾಸ್ತಿಯೂ ಹೋಗುತ್ತದೆ. ಎರಡೂವರೆ ಲೀಟರನ್ನು ಇಬ್ಬರು ದೊಡ್ಡವರು, ಒಂದು ಮಗು, ಒಂದು ನಾಯಿಗೆ ಹಂಚಿ ನೋಡಿ. ಎಕ್ಸೆಲ್ ಶೀಟ್ ಬೇಡ, ಬೆರಳು ಸಾಕು. ಮಗುವಿನ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ನಾಯಿಗೆ ನಮ್ಮ ಹಾಗೆ ಬೆವರು ಬರುವುದಿಲ್ಲ, ಬರೀ ನಾಲಿಗೆ ಚಾಚಿ ತೇಕಬೇಕು. ಒಳಗಿನ ಬಿಸಿ 40 ಡಿಗ್ರಿ ದಾಟಿತು ಅಂದ್ರೆ ಮೊದಲು ಕೈಕೊಡುವುದು ಬುದ್ಧಿ. "ವಾಪಸ್ ಯಾಕೆ ತಿರುಗ್ಲಿಲ್ಲ? ಅಲ್ಲೇ ಯಾಕೆ ಕೂತ್ರು?" ಅಂತ ಸೋಫಾದಲ್ಲಿ ಕೂತು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಇಲ್ಲೇ ಇರಬಹುದು. ಮೇಲಾಗಿ ಕಣಿವೆಯ ದಾರಿ ಮೋಸದ್ದು. ಬೆಳಗಿನ ತಂಪಿನಲ್ಲಿ ಸುಮ್ನೆ ಇಳಿಸಿಬಿಡುತ್ತದೆ, ಹತ್ತುವ ಕೆಲಸ ಮಧ್ಯಾಹ್ನಕ್ಕೆ ಉಳಿಸುತ್ತದೆ. ನಮ್ಮ ಸಾಂಧಣ್ ಕಣಿವೆಗೆ ಸಾಮ್ರದ್ ಕಡೆಯಿಂದ ಇಳಿದವರಿಗೆ ಇದು ಹೇಳಬೇಕಾಗಿಲ್ಲ.

ಒಂದು ವಿಷಯ ನನಗೆ ಇವತ್ತಿಗೂ ಅರಗಿಲ್ಲ. 2023ರ ಏಪ್ರಿಲ್ 16ರಂದು ಇಲ್ಲೇ, ನವಿ ಮುಂಬೈನ ಖಾರ್‌ಘರ್‌ನಲ್ಲಿ, ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಲಕ್ಷಾಂತರ ಜನ ಸೇರಿದ್ದರು. ವೇದಿಕೆಗೆ ನೆರಳಿತ್ತು. ಜನಕ್ಕೆ ಆಕಾಶ ಇತ್ತು. ತಾಪಮಾನ 38ರ ಆಸುಪಾಸು, ಮಾಮಾ ಲೆಕ್ಕದಲ್ಲಿ ಚಳಿಗಾಲ. ಹತ್ತಕ್ಕೂ ಹೆಚ್ಚು ಜನ ಬಿಸಿಲ ಹೊಡೆತಕ್ಕೆ ಸತ್ತರು. ಸತ್ತವರ ಮನೆಯವರಿಗೆ ಐದೈದು ಲಕ್ಷ ಘೋಷಣೆಯಾಯಿತು, ಬಿಸಿಲು ಇಳಿಯುವ ತನಕ ಮಧ್ಯಾಹ್ನ 12ರಿಂದ 5ರವರೆಗೆ ಬಯಲಲ್ಲಿ ಕಾರ್ಯಕ್ರಮ ಬೇಡ ಅಂತ ಸರ್ಕಾರ ಹೇಳಿತು, ಮುಗೀತು. ಈ ಸಾವಿಗೆ ದೆವ್ವದ ಸಂಗೀತ ಹಾಕಿ ವಿಡಿಯೋ ಮಾಡಿದವರನ್ನು ನಾನು ನೋಡಿಲ್ಲ. ಇಲ್ಲಿ ಪಾಚಿ ಬೇಡ, ಗಣಿ ಬೇಡ, ಹಾರುವ ತಟ್ಟೆ ಬೇಡ. ಪುಣೆಯಿಂದ ಎರಡು-ಮೂರು ಗಂಟೆ ದೂರದ ಮೈದಾನದಲ್ಲಿ ಬಡವರು ಬಿಸಿಲಿಗೆ ಸತ್ತರೆ ಅದು ಬಿಸಿಲು. ಅಮೆರಿಕದ ಬೆಟ್ಟದಲ್ಲಿ, ಒಳ್ಳೇ ಶೂ ಹಾಕಿಕೊಂಡು, ನಮ್ಮ ಥರ ಭಾನುವಾರ ವಾಕ್ ಹೋದವರು ಸತ್ತರೆ ಮಾತ್ರ ಅದು ನಿಗೂಢ. ಯಾಕೆ ಅಂದ್ರೆ ಅಲ್ಲಿ ಬಿಸಿಲು ಅಂತ ಒಪ್ಪಿದರೆ ನಮ್ಮ ಈ ಭಾನುವಾರಕ್ಕೂ ಅದೇ ಕಾನೂನು ಬರುತ್ತದೆ. ಗಣಿ ಅನಿಲ ಆದರೆ ಚಿಂತೆಯಿಲ್ಲ, ಪುಣೆ ಪಕ್ಕದ ನಮ್ಮ ಸಿಂಹಗಡ ಕೋಟೆಯಲ್ಲಿ ಚಿನ್ನದ ಗಣಿ ಇಲ್ಲವಲ್ಲ.

ಸಿಂಹಗಡ ಅಂದೆ ನೋಡಿ, ಅದೇ ಈ ವಾರದ ಪ್ಲ್ಯಾನು. ಆತಕರವಾಡಿಯಿಂದ ಹತ್ತುವುದು, ಮೇಲೆ ಪಿಠ್ಲ-ಭಾಕ್ರಿ, ಕಾಂದಾ ಭಜಿ, ಮಡಕೆ ಮೊಸರು. ಯಾರು ಏನು ತರಬೇಕು ಅಂತ ಪಟ್ಟಿ ಬಂತು. ಪವರ್ ಬ್ಯಾಂಕ್ ನಾಲ್ಕು. ಬ್ಲೂಟೂತ್ ಸ್ಪೀಕರ್ ಎರಡು. ಸೆಲ್ಫಿ ಕೋಲು, ಡ್ರೋನ್, ಕನ್ನಡ ಬಾವುಟ. ಹಿಂಜೇವಾಡಿಯ ಹುಡುಗ ಆನ್‌ಲೈನಲ್ಲಿ ವಿಷಾನಿಲ ಪತ್ತೆ ಮಾಡುವ ಯಂತ್ರ ತರಿಸಿದ್ದಾನಂತೆ, ಅದನ್ನು ಬ್ಯಾಗಿಗೆ ಸಿಕ್ಕಿಸಿಕೊಂಡು ಬರುತ್ತಾನೆ. ಟೋಪಿ ಇದೆಯಾ ಅಂತ ಕೇಳಿದರೆ ಕೂದಲು ಕೆಡುತ್ತದೆ ಅಂದ. ನೀರು ಪಟ್ಟಿಯಲ್ಲಿ ಇರಲಿಲ್ಲ. ನಾನು ನೆನಪಿಸಿದೆ. "ಅರ್ಧ ಲೀಟರ್ ಸಾಕು, ದಾರೀಲಿ ನಿಂಬೂ ಸರ್ಬತ್ತಿನವರು ಇರ್ತಾರೆ, ಭಾರ ಯಾಕೆ ಹೊರೋದು" ಅಂತ ಬ್ಯಾಂಕಿನವರು ಉತ್ತರ ಕೊಟ್ಟರು. ಎರಡು ವರ್ಷದ ಮೊಮ್ಮಗನನ್ನೂ ಕರೆತರುತ್ತಾರಂತೆ. ಹೊಸ ಬೆನ್ನಚೀಲ ಕೊಂಡಿದ್ದಾರೆ, ಫೋಟೋ ಹಾಕಿದ್ದಾರೆ, ಹೃದಯದ ಚಿಹ್ನೆ ಮೂವತ್ತು ಬಿದ್ದಿವೆ.

ಎಷ್ಟು ಹೊತ್ತಿಗೆ ಹೊರಡುವುದು ಅಂತ ಗುಂಪಿನಲ್ಲಿ ಮತದಾನ ಇಟ್ಟೆವು. ಬೆಳಗ್ಗೆ 5 ಅಥವಾ 10. ಕುಂದಾಪುರದ ಅಣ್ಣನೂ ನಾನೂ 5ಕ್ಕೆ ಒತ್ತಿದೆವು, ಅವರಿಗೆ ಹೇಗೂ ಇಡ್ಲಿ ಬೇಯಿಸಲು ಅಷ್ಟೊತ್ತಿಗೆ ಎದ್ದು ರೂಢಿ. ಉಳಿದವರೆಲ್ಲ 10. ಯಾಕಪ್ಪಾ ಅಂತ ಕೇಳಿದರೆ ವಿಜಯಪುರದ ಮಾಮಾ ಧ್ವನಿ ಮೆಸೇಜು ಕಳಿಸಿದರು: ಅಷ್ಟ್ ಮುಂಜಾನೆ ಕತ್ತಲ ಇರ್ತದ, ಚಿರತಿ ಬರ್ತಾವಂತ, ಸುಮ್ನ ಜೀವಕ್ಕ ಯಾಕ ಅಪಾಯ ತಗೋಬೇಕು.