ಹದಿಮೂರು ದಿನ ಮತ್ತು ಐವತ್ತು ವರ್ಷ

ತೊಂಬತ್ತು ದಾಟಿ ತೀರಿಕೊಂಡ ಹಳ್ಳಿಯ ಯೋಧರ ಕುರಿತ ಲೇಖನ ಚೆನ್ನಾಗಿದೆ. ಆದರೆ ಅದರಲ್ಲಿ 1971ರ ಹದಿಮೂರು ದಿನಗಳ ಭಾರತ-ಪಾಕಿಸ್ತಾನ ಯುದ್ಧಕ್ಕೆ ಸಿಕ್ಕಷ್ಟು ಜಾಗ ಆಮೇಲೆ ಅವರು ಬಾಳಿದ ಐವತ್ತು ವರ್ಷಗಳಿಗೆ ಸಿಕ್ಕಿಲ್ಲ.

ಬೈಲಹೊಂಗಲ ಕಡೆಯ ನಮ್ಮೂರಿನಲ್ಲಿಯೂ ಒಬ್ಬ ಮಿಲಿಟರಿ ಅಜ್ಜ ಇದ್ದರು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಿ ಪಡೆದವರು. ಹೆಸರು ಮರಾಠಾ ಆದರೂ ಕನ್ನಡದ ಹುಡುಗರು ಅಲ್ಲಿ ಸೇರುವುದು ಹೊಸದೇನಲ್ಲ. ಆ ಯುದ್ಧದಲ್ಲಿ ಅವರ ಪಲ್ಟನ್ ಈಗಿನ ಬಾಂಗ್ಲಾದೇಶದ ಜಮಾಲಪುರದಲ್ಲಿ ಹೋರಾಡಿತ್ತು. ಶರಣಾಗಿ ಎಂದು ನಮ್ಮವರು ಬರೆದದ್ದಕ್ಕೆ ಪಾಕಿಸ್ತಾನದ ಅಧಿಕಾರಿ ಉತ್ತರದ ಕಾಗದದಲ್ಲಿ ಬಂದೂಕಿನ ಗುಂಡು ಸುತ್ತಿ ಕಳಿಸಿದ್ದು ಅಲ್ಲಿಯೇ. ಅಜ್ಜನನ್ನು ಕೇಳಿದರೆ ಮಾತ್ರ, ಚಳಿಯಲ್ಲಿ ಹೊಳೆ ದಾಟಿದ್ದು, ಜೋಳದ ರೊಟ್ಟಿಗೆ ಹಪಹಪಿಸಿದ್ದು, ಇಷ್ಟೇ ಹೇಳುತ್ತಿದ್ದರು.

ಪ್ರತಿ ನವೆಂಬರಿನಲ್ಲಿ ಪಿಂಚಣಿಗಾಗಿ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ, ಅದಕ್ಕೆ ಒಮ್ಮೆ ನಾನೇ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದೆ. ಕುಂಟೆ, ಕುಡುಗೋಲು ಹಿಡಿದು ಸವೆದ ಹೆಬ್ಬೆರಳು, ಬೆರಳಚ್ಚಿನ ಯಂತ್ರ ಒಪ್ಪಲಿಲ್ಲ. ಒರೆಸಿ, ಒತ್ತಿ, ಐದಾರು ಸಲ ನೋಡಿದ್ದಾಯಿತು. ಕೊನೆಗೆ ಅಜ್ಜ ಕೋಲನ್ನು ನನ್ನ ಕೈಗೆ ಕೊಟ್ಟು, ಟೊಪ್ಪಿಗೆ ಸರಿಮಾಡಿಕೊಂಡು, ಆ ಎಳೆಯ ಗುಮಾಸ್ತನಿಗೆ ಸೆಲ್ಯೂಟ್ ಹೊಡೆದರು: “ಹಾಜರಿದ್ದೇನೆ, ಸಾಹೇಬರೇ.”